ಬೆಳಕಿನ ಬಣ್ಣ ಬದಲಿಸುವ ಲೇಪಗಳು: ತೆಳುಪೊರೆಯ ಸೂರ್ಯಕೋಶಗಳ ವಾಙ್ಮಯದ ಒಂದು ವಿಮರ್ಶೆ

ತೆಳುಪೊರೆಯ ಸೂರ್ಯಕೋಶಗಳ ಮೇಲೆ ಬೆಳಕಿನ ಬಣ್ಣವನ್ನು ಬದಲಿಸತಕ್ಕ ಲೇಪವೊಂದನ್ನು ಹಚ್ಚಿ ಅವುಗಳ ದಕ್ಷತೆಯನ್ನು ಹೆಚ್ಚಿಸಬಹುದೆಂಬ ವಿಚಾರವಾಗಿ ನಾಲ್ಕು ದಶಕಗಳಿಗೂ ಮೇಲ್ಪಟ್ಟು ಪ್ರಬಂಧಗಳು ಪ್ರಕಟವಾಗುತ್ತ ಬಂದಿವೆ. ಇವು ಭೌತವಿಜ್ಞಾನಿಗಳು ಭೌತವಿಜ್ಞಾನಿಗಳಿಗಾಗಿ ಬರೆದ ಬರೆಹಗಳು. ಇತಿಹಾಸದ ಅಧ್ಯಾಪಕರಾದ ನಾವು ಇವುಗಳಲ್ಲಿ ಕೈಯಿಡುವುದು ಅಧಿಕಪ್ರಸಂಗವೆಂದು ವಿಜ್ಞಾನ ವಿಭಾಗದ ಮಿತ್ರರಿಗೆ ತೋರಿದರೆ ಅದು ಸಹಜವೇ ಸರಿ. ಆದರೆ ಒಂದು ಪ್ರಬಂಧವು ತನ್ನ ಪೂರ್ವಿಕರೆಂದು ಯಾರನ್ನು ಹೇಳಿಕೊಳ್ಳುತ್ತದೆ, ತಾನು ಕಂಡುದನ್ನು ಯಾವುದರೊಡನೆ ಹೋಲಿಸುತ್ತದೆ, ಅದು ಸಾರಿದುದಕ್ಕೂ ತೋರಿಸಿದುದಕ್ಕೂ ಎಷ್ಟು ಅಂತರವಿದೆ ಎಂಬ ಪ್ರಶ್ನೆಗಳು ಭೌತವಿಜ್ಞಾನಕ್ಕೆ ಮಾತ್ರ ಮೀಸಲಾದವಲ್ಲ. ಶಾಸನಗಳನ್ನು ಓದುವವರು ಅವುಗಳಲ್ಲಿ ಎರಡು ಭಾಗಗಳನ್ನು ಬೇರೆಬೇರೆಯಾಗಿ ತೂಗುವುದನ್ನು ಕಲಿತಿರುತ್ತಾರೆ. ಮೊದಲು ಬರುವುದು ಪ್ರಶಸ್ತಿ. ಅಲ್ಲಿ ಅರಸನು ಸಮುದ್ರಪರ್ಯಂತದ ಭೂಮಿಯನ್ನು ಗೆದ್ದಿರುತ್ತಾನೆ. ಅನಂತರ ಬರುವುದು ದಾನದ ಭಾಗ. ಅಲ್ಲಿ ಇಂಥ ಕೆರೆಯ ಕೆಳಗೆ ಇಷ್ಟು ಮತ್ತರು ಗದ್ದೆ, ಮೂಡಲು ಇಂಥ ಕಲ್ಲು, ಪಡುವಲು ಇಂಥ ಹುಣಿಸೆಯ ಮರ ಎಂದಿರುತ್ತದೆ. ಇತಿಹಾಸಕಾರನಿಗೆ ಪ್ರಶಸ್ತಿಗಿಂತ ಆ ಹುಣಿಸೆಯ ಮರದ ಮೇಲೆ ನಂಬಿಕೆ ಹೆಚ್ಚು. ವಿಜ್ಞಾನದ ಪ್ರಬಂಧದಲ್ಲಿಯೂ ಇಂಥ ಎರಡು ಭಾಗಗಳುಂಟು. ಪ್ರಕೃತ ವಿಷಯದಲ್ಲಿ ಪ್ರಶಸ್ತಿಯನ್ನೇ ಓದಿ ತೃಪ್ತರಾಗುವ ಪರಿಪಾಠ ಹೆಚ್ಚುತ್ತಿರುವುದರಿಂದಲೂ, ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಇಂಥ ವಿಷಯಗಳನ್ನು ಸಂಶೋಧನೆಗೆ ಆರಿಸಿಕೊಳ್ಳುವ ಸಂಭವವಿರುವುದರಿಂದಲೂ ಈ ಲೇಖನವನ್ನು ಬರೆದಿದ್ದೇವೆ.

ವಿಷಯದ ತಿರುಳನ್ನು ಮೊದಲು ಹೇಳಬೇಕು. ಕ್ಯಾಡ್ಮಿಯಮ್ ಟೆಲ್ಯುರೈಡಿನ ಸೂರ್ಯಕೋಶವು ಗಾಜಿನ ಮೇಲೆ ಒಂದರ ಮೇಲೊಂದಾಗಿ ಕೂರಿಸಿದ ಪೊರೆಗಳ ರಚನೆ. ಬೆಳಕು ಮೊದಲು ಗಾಜನ್ನೂ, ಅದರ ಹಿಂದಿನ ಪಾರದರ್ಶಕ ವಾಹಕವನ್ನೂ ದಾಟಿ, ಬಳಿಕ ಕ್ಯಾಡ್ಮಿಯಮ್ ಸಲ್ಫೈಡಿನ ಅತಿ ತೆಳುವಾದ ಪೊರೆಯೊಂದನ್ನು ಹಾಯ್ದು, ಕೊನೆಗೆ ಕೆಲವೇ ಮೈಕ್ರೊಮೀಟರ್ ದಪ್ಪದ ಕ್ಯಾಡ್ಮಿಯಮ್ ಟೆಲ್ಯುರೈಡನ್ನು ಸೇರುತ್ತದೆ. ವಿದ್ಯುತ್ತು ಹುಟ್ಟುವುದು ಮುಖ್ಯವಾಗಿ ಈ ಕೊನೆಯ ಪೊರೆಯಲ್ಲಿ. ನಡುವಣ ಸಲ್ಫೈಡಿನ ಪೊರೆಯನ್ನು ‘ಕಿಟಕಿ’ ಎಂದು ಕರೆಯುವುದು ವಾಡಿಕೆ. ಆದರೆ ಈ ಕಿಟಕಿಯ ಗಾಜು ಹಳದಿ ಬಣ್ಣದ್ದು. ಸುಮಾರು 510 ನ್ಯಾನೊಮೀಟರಿಗಿಂತ ಕಡಮೆ ತರಂಗಾಂತರದ ಬೆಳಕನ್ನು, ಎಂದರೆ ನೀಲಿ, ನೇರಳೆ ಮತ್ತು ಅತಿನೇರಳೆ ಕಿರಣಗಳನ್ನು, ಅದು ತಾನೇ ನುಂಗಿಬಿಡುತ್ತದೆ. ಅಲ್ಲಿ ಹುಟ್ಟಿದ ವಿದ್ಯುದಂಶಗಳು ಬಹುಮಟ್ಟಿಗೆ ಅಲ್ಲಿಯೇ ಅಳಿಯುತ್ತವೆ. ಕಿಟಕಿಯ ಪೊರೆ ದಪ್ಪವಾಗಿದ್ದು ಈ ಬೆಳಕೆಲ್ಲವೂ ನಷ್ಟವಾದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 7 ಮಿಲಿಆಂಪಿಯರುಗಳಷ್ಟು ಪ್ರವಾಹ ಕೈಬಿಟ್ಟು ಹೋಗುತ್ತದೆ. ಇಂಥ ಕೋಶದಿಂದ ಒಟ್ಟು ನಿರೀಕ್ಷಿಸಬಹುದಾದುದೇ ಸುಮಾರು 30 ಮಿಲಿಆಂಪಿಯರು. ಅದರಲ್ಲಿ ಏಳು ಹೋಯಿತೆಂದರೆ ಸಣ್ಣ ನಷ್ಟವಲ್ಲ.

ಲೇಪದ ಉಪಾಯ ಸರಳವಾದದ್ದು. ಗಾಜಿನ ಮೇಲೆ, ಅಥವಾ ಕೋಶವನ್ನು ಮುಚ್ಚುವ ಪಾರದರ್ಶಕ ವಸ್ತುವಿನಲ್ಲಿ, ಪ್ರತಿದೀಪ್ತಿಯ ಗುಣವುಳ್ಳ ಬಣ್ಣವೊಂದನ್ನು ಬೆರೆಸುವುದು. ಅದು ನೀಲಿಯ ಬೆಳಕನ್ನು ಹೀರಿ ಹಸುರು, ಹಳದಿ ಅಥವಾ ಕಿತ್ತಳೆಯ ಬೆಳಕಾಗಿ ಹೊರಸೂಸುತ್ತದೆ. ಹಾಗೆ ವೇಷ ಬದಲಿಸಿದ ಬೆಳಕು ಹಳದಿಯ ಕಿಟಕಿಯಲ್ಲಿ ತಡೆಯಿಲ್ಲದೆ ನುಸುಳುತ್ತದೆ. ಕೋಶದ ಒಳರಚನೆಯನ್ನು ಮುಟ್ಟಬೇಕಾದುದಿಲ್ಲ. ತಯಾರಾದ ಕೋಶದ ಮೇಲೆಯೂ ಹಚ್ಚಬಹುದು. ಉಪಾಯದ ಮೋಹಕತೆಯೆಲ್ಲ ಇರುವುದು ಈ ಸುಲಭತೆಯಲ್ಲಿ.

ಇನ್ನು ವಂಶಾವಳಿಯ ಮಾತು. ಈ ಪ್ರಬಂಧಗಳ ಪೀಠಿಕೆಗಳಲ್ಲಿ ಪೂರ್ವೇತಿಹಾಸಕ್ಕೆ ದೊರೆಯುವುದು ಸಾಮಾನ್ಯವಾಗಿ ಒಂದೆರಡು ವಾಕ್ಯ. 1979ರಲ್ಲಿ ಹೋವೆಲ್, ಹಾಡ್ಜ್‌ಸನ್ ಮತ್ತು ವುಡಾಲ್ ಎಂಬವರು ಈ ಉಪಾಯವನ್ನು ಸೂಚಿಸಿದರೆಂದು ಹೇಳಿ, ಕೂಡಲೇ ಲೇಖಕರು ತಮ್ಮ ಬಣ್ಣದ ವರ್ಣನೆಗೆ ಇಳಿಯುತ್ತಾರೆ. ಇದು ತಪ್ಪಲ್ಲ, ಆದರೆ ಬಹಳ ಬಡವಾದ ಇತಿಹಾಸ. ಈ ಉಪಾಯದಲ್ಲಿ ಕೂಡಿಕೊಂಡಿರುವ ಎರಡು ವಿದ್ಯೆಗಳು, ಎಂದರೆ ಬೆಳಕಿನಿಂದ ವಿದ್ಯುತ್ತನ್ನು ಪಡೆಯುವ ವಿದ್ಯೆ ಮತ್ತು ಒಂದು ಬೆಳಕಿನಿಂದ ಇನ್ನೊಂದು ಬೆಳಕನ್ನು ಪಡೆಯುವ ವಿದ್ಯೆ, ಒಬ್ಬನೇ ಮನುಷ್ಯನ ಜೀವಿತದಲ್ಲಿ ಜೊತೆಯಾಗಿದ್ದುವು. ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ 1839ರಲ್ಲಿ, ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ದ್ರವದಲ್ಲಿ ಮುಳುಗಿಸಿದ ಲೋಹದ ತಗಡುಗಳ ಮೇಲೆ ಬೆಳಕು ಬಿದ್ದಾಗ ವಿದ್ಯುತ್ತು ಹರಿಯುವುದನ್ನು ಕಂಡನು. ಅದೇ ಬೆಕೆರೆಲ್ಲನು ಬೆಳಕುಂಡು ಬೆಳಗುವ ವಸ್ತುಗಳ ಅಧ್ಯಯನದಲ್ಲಿ ಬಹುಕಾಲ ತೊಡಗಿದ್ದು, ಅವುಗಳ ಕ್ಷಣಿಕ ದೀಪ್ತಿಯನ್ನು ಅಳೆಯುವ ಯಂತ್ರವೊಂದನ್ನು 1850ರ ದಶಕದ ಉತ್ತರಾರ್ಧದಲ್ಲಿ ನಿರ್ಮಿಸಿದನು. ಆ ಮನೆತನದಲ್ಲಿ ಈ ಆಸಕ್ತಿ ಮುಂದಿನ ತಲೆಮಾರಿಗೂ ಇಳಿಯಿತು. ಯುರೇನಿಯಮ್ ಲವಣಗಳ ದೀಪ್ತಿಯನ್ನು ಪರೀಕ್ಷಿಸುತ್ತಿದ್ದ ಮಗ ಹೆನ್ರಿ 1896ರಲ್ಲಿ ವಿಕಿರಣಶೀಲತೆಯನ್ನು ಕಂಡುಕೊಂಡುದು ಎಲ್ಲರಿಗೂ ತಿಳಿದಿದೆ. ಎಡ್ಮಂಡನು ತನ್ನ ಎರಡು ವಿದ್ಯೆಗಳನ್ನು ಒಂದಾಗಿ ಬೆಸೆಯಲಿಲ್ಲ. ಬೆಸೆಯುವ ಅವಶ್ಯಕತೆ ಇರಲಿಲ್ಲವೆಂಬುದೇ ಅದಕ್ಕೆ ಕಾರಣವಿದ್ದೀತು. ಆ ಕಾಲಕ್ಕೆ ದಕ್ಷತೆಯೆಂಬ ಲೆಕ್ಕವೇ ಈ ಕ್ಷೇತ್ರದಲ್ಲಿ ಹುಟ್ಟಿರಲಿಲ್ಲ.

ಇಂಗ್ಲೆಂಡಿನಲ್ಲಿ ಕ್ವಿನೈನ್ ದ್ರಾವಣದ ಮೇಲ್ಮೈಯಲ್ಲಿ ಕಾಣುವ ನೀಲಿಯ ಹೊಳಪನ್ನು ಜಾನ್ ಹರ್ಷೆಲ್ 1845ರಲ್ಲಿ ವರ್ಣಿಸಿದ್ದನು. ಚಳಿಜ್ವರದ ಮದ್ದಾಗಿ ನಮ್ಮ ದೇಶದಲ್ಲಿ ಮನೆಮನೆಗೂ ಪರಿಚಿತವಾಗಿದ್ದ ಆ ಕಹಿಯ ಪದಾರ್ಥವೇ ಇದು. 1852ರಲ್ಲಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಸೂರ್ಯನ ವರ್ಣಪಟಲದ ಒಂದೊಂದು ಬಣ್ಣದಲ್ಲಿಯೂ ಆ ದ್ರಾವಣವನ್ನು ಹಿಡಿದು ನೋಡಿದನು. ನೇರಳೆಯ ಅಂಚನ್ನು ದಾಟಿ, ಕಣ್ಣಿಗೆ ಏನೂ ಕಾಣದ ಕತ್ತಲೆಯ ಭಾಗಕ್ಕೆ ಬಂದಾಗಲೂ ದ್ರಾವಣವು ನೀಲಿಯಾಗಿ ಬೆಳಗಿತು. ಹೀರಿದ ಬೆಳಕಿಗಿಂತ ಸೂಸುವ ಬೆಳಕಿನ ತರಂಗಾಂತರ ಹೆಚ್ಚು ಎಂಬ ನಿಯಮಕ್ಕೆ ಅವನ ಹೆಸರು ನಿಂತಿದೆ. ಲೇಪದ ಇಡೀ ಶಾಸ್ತ್ರ ಈ ನಿಯಮದ ಮೇಲೆ ನಿಂತಿರುವುದರಿಂದ 1979ಕ್ಕೆ ಮೊದಲು ಏನೂ ಇರಲಿಲ್ಲವೆಂಬಂತೆ ಬರೆಯುವುದು ಉಚಿತವಲ್ಲ.

ಆದರೆ 1979ರ ಪ್ರಬಂಧದ ಮಹತ್ವವನ್ನು ಕುಗ್ಗಿಸುವುದು ನಮ್ಮ ಇಂಗಿತವಲ್ಲ. ಅದರ ಹಿನ್ನೆಲೆಯನ್ನು ನೋಡಿದರೆ ಮಹತ್ವ ಇನ್ನೂ ಹೆಚ್ಚಾಗಿ ಕಾಣುತ್ತದೆ. ಹೋವೆಲ್ ಮತ್ತು ವುಡಾಲ್ ಇಬ್ಬರೂ ಅಮೆರಿಕದ ಐ.ಬಿ.ಎಂ. ಸಂಸ್ಥೆಯ ಸಂಶೋಧನಾಲಯದಲ್ಲಿದ್ದವರು. 1972ರಲ್ಲಿ ಇವರೇ ಗ್ಯಾಲಿಯಮ್ ಆರ್ಸನೈಡಿನ ಕೋಶಕ್ಕೆ ಅಲ್ಯುಮಿನಿಯಮ್ ಬೆರೆತ ಕಿಟಕಿಯ ಪೊರೆಯನ್ನು ಜೋಡಿಸಿ ಅದರ ದಕ್ಷತೆಯನ್ನು ಬಹುವಾಗಿ ಹೆಚ್ಚಿಸಿದ್ದರು. ಕಿಟಕಿಯಿಂದ ಬರುವ ಲಾಭವನ್ನೂ, ಅದು ನುಂಗುವ ನೀಲಿಯ ಬೆಳಕನ್ನೂ ಕೈಯಾರೆ ಕಂಡವರು ಅವರು. ಹೀಗಿರಲು ಬಣ್ಣ ಬೆರೆಸಿದ ಪ್ಲಾಸ್ಟಿಕ್ ಹಾಳೆಯನ್ನು ಕೋಶದ ಮೇಲಿಟ್ಟು ನೋಡುವ ಯೋಚನೆ ಅವರಿಗೆ ಬಂದುದು ಆಕಸ್ಮಿಕವಲ್ಲ. ಕಾಲವೂ ಅದಕ್ಕೆ ಅನುಕೂಲವಾಗಿತ್ತು. 1973ರ ತೈಲದ ಬಿಕ್ಕಟ್ಟಿನ ತರುವಾಯ ಸೂರ್ಯಶಕ್ತಿಯ ಸಂಶೋಧನೆಗೆ ಹಣವೂ ಜನವೂ ಒದಗಿದರು. 1976ರಲ್ಲಿ ವೆಬರ್ ಮತ್ತು ಲ್ಯಾಂಬ್, 1977ರಲ್ಲಿ ಜರ್ಮನಿಯ ಗೋಯೆಟ್ಸ್‌ಬರ್ಗರ್ ಮತ್ತು ಗ್ರೊಯ್ಬೆಲ್, ಪ್ರತಿದೀಪ್ತಿಯ ಹಾಳೆಯಲ್ಲಿ ಬೆಳಕನ್ನು ಸೆರೆಹಿಡಿದು ಅದರ ಅಂಚಿಗೆ ಹರಿಸಿ, ಅಲ್ಲಿ ಸಣ್ಣ ಕೋಶವೊಂದನ್ನು ಇಡುವ ಬೇರೊಂದು ಉಪಾಯವನ್ನು ಮುಂದಿಟ್ಟಿದ್ದರು. ಆಗ ಕೋಶವೇ ಅತಿ ದುಬಾರಿಯಾದ ವಸ್ತುವಾಗಿದ್ದುದರಿಂದ ದೊಡ್ಡ ಹಾಳೆಗೆ ಚಿಕ್ಕ ಕೋಶ ಸಾಕೆಂಬುದು ಆ ಉಪಾಯದ ಆಕರ್ಷಣೆ. ಲೇಪದ ಉಪಾಯವು ಇದರ ತಮ್ಮನೆಂದು ಹೇಳಬಹುದು. ಆದರೆ ಅಣ್ಣನಿಗೆ ಹಾಳೆಯೊಳಗೆ ಬೆಳಕನ್ನು ಬಂಧಿಸಿಡುವುದೇ ಗುರಿಯಾದರೆ, ತಮ್ಮನಿಗೆ ಅದನ್ನು ಬೇಗನೆ ಕೆಳಕ್ಕೆ ಇಳಿಸಿಬಿಡುವುದು ಗುರಿ.

ಈಚಿನ ಪ್ರಬಂಧಗಳಲ್ಲಿ ಮೂರನೆಯ ಒಬ್ಬ ಬಂಧುವನ್ನೂ ಇದೇ ಮನೆಯವನೆಂದು ಎಣಿಸುವುದರಿಂದ ದೊಡ್ಡ ಗೊಂದಲವೊಂದು ಹುಟ್ಟಿದೆ. 1957ರಲ್ಲಿ ಡೆಕ್ಸ್‌ಟರ್ ಎಂಬ ವಿಜ್ಞಾನಿಯು ಹೆಚ್ಚು ಶಕ್ತಿಯ ಒಂದು ಫೋಟಾನನ್ನು ಹೀರಿ ಕಡಮೆ ಶಕ್ತಿಯ ಎರಡು ಫೋಟಾನುಗಳನ್ನು ಸೂಸುವ ವಸ್ತುಗಳು ಸಾಧ್ಯವೆಂದು ತೋರಿಸಿದನು. 1999ರಲ್ಲಿ ನೆದರ್ಲೆಂಡ್ಸಿನ ಮೈಯರಿಂಕ್ ಮತ್ತು ಸಂಗಡಿಗರು ಯುರೋಪಿಯಮ್ ಬೆರೆಸಿದ ಫ್ಲೋರೈಡೊಂದರಲ್ಲಿ ಇದನ್ನು ಬಹುಮಟ್ಟಿಗೆ ಸಾಧಿಸಿದರು. 2002ರಲ್ಲಿ ಟ್ರುಪ್ಕೆ, ಗ್ರೀನ್ ಮತ್ತು ವುರ್ಫೆಲ್ ಎಂಬವರು ಇಂಥ ಆದರ್ಶವಸ್ತುವನ್ನು ಸೂರ್ಯಕೋಶಕ್ಕೆ ಜೋಡಿಸಿದರೆ ದಕ್ಷತೆಯ ಮಿತಿ ಶೇಕಡ 39ರ ಸುಮಾರಿಗೆ ಏರಬಹುದೆಂದು ಲೆಕ್ಕ ಹಾಕಿದರು. ಒಂದೇ ಸಂಧಿಯುಳ್ಳ ಕೋಶಕ್ಕೆ ಷಾಕ್ಲಿ ಮತ್ತು ಕ್ವೈಸರ್ 1961ರಲ್ಲಿ ಗೊತ್ತುಪಡಿಸಿದ ಮಿತಿ ಸುಮಾರು ಶೇಕಡ 30. ಇಂದಿನ ಪ್ರಮಾಣದ ಸೂರ್ಯಪ್ರಕಾಶಕ್ಕೆ ಅನ್ವಯಿಸಿದರೆ ಸುಮಾರು 33. ಆದಕಾರಣ 39 ಎಂಬುದು ಬೆರಗು ಹುಟ್ಟಿಸುವ ಸಂಖ್ಯೆಯೇ. ಆದರೆ ಒಂದನ್ನು ಎರಡಾಗಿ ಒಡೆಯುವ ವಸ್ತುವಿಗೆ ಸಲ್ಲುವ ಈ ಸಂಖ್ಯೆಯನ್ನು, ಒಂದನ್ನು ತೆಗೆದುಕೊಂಡು ಹೆಚ್ಚೆಂದರೆ ಒಂದನ್ನು ಮಾತ್ರ ಕೊಡಬಲ್ಲ ಸಾಮಾನ್ಯ ಬಣ್ಣದ ಲೇಪದ ಪೀಠಿಕೆಯಲ್ಲಿ ಉದಾಹರಿಸುವುದು ಹೇಗೆ ನ್ಯಾಯವಾದೀತು? ಬಣ್ಣ ಬದಲಿಸುವ ಲೇಪವು ಷಾಕ್ಲಿ ಮತ್ತು ಕ್ವೈಸರರ ಮಿತಿಯನ್ನು ಕೂದಲೆಳೆಯಷ್ಟೂ ಮೀರಲಾರದು. ಒಳ್ಳೆಯ ಕೋಶವೊಂದು ತಾನಾಗಿ ಮಾಡಬೇಕಾಗಿದ್ದ ಕೆಲಸವನ್ನು ಕೆಟ್ಟ ಕೋಶದ ಕೈಯಲ್ಲಿ ಮಾಡಿಸುವುದಷ್ಟೇ ಅದರ ಸಾಮರ್ಥ್ಯ. ಚಾಳುಕ್ಯರ ಸಾಮಂತನೊಬ್ಬನು ಚಕ್ರವರ್ತಿಯ ಬಿರುದುಗಳನ್ನು ತನ್ನ ಶಾಸನದಲ್ಲಿ ಕೆತ್ತಿಸಿಕೊಂಡಂತಾಯಿತು ಇದು.

ಈಗ ದಾನದ ಭಾಗಕ್ಕೆ ಬರೋಣ. ಲೇಪದೊಳಗೆ ಒಂದು ಫೋಟಾನಿನ ಪ್ರಯಾಣವನ್ನು ಅನುಸರಿಸಿದರೆ ಎಲ್ಲೆಲ್ಲಿ ಸುಂಕ ತೆರಬೇಕಾಗುತ್ತದೆಂಬುದು ತಿಳಿಯುತ್ತದೆ. ಬಣ್ಣವು ಬಿದ್ದ ನೀಲಿಯ ಬೆಳಕನ್ನೆಲ್ಲ ಹೀರುವುದಿಲ್ಲ. ಹೀರಿದ ಪ್ರತಿಯೊಂದಕ್ಕೂ ಪ್ರತಿಯಾಗಿ ಸೂಸುವುದಿಲ್ಲ. ಸೂಸಿದ್ದು ಕೆಳಮುಖವಾಗಿಯೇ ಹೋಗುತ್ತದೆಂಬ ನಿಯಮವಿಲ್ಲ. ಅದು ಎಲ್ಲ ದಿಕ್ಕುಗಳಿಗೂ ಚೆಲ್ಲುತ್ತದೆ. ವಕ್ರೀಭವನಾಂಕ 1.5 ಇರುವ ಪ್ಲಾಸ್ಟಿಕ್ಕಿನಲ್ಲಿ ಸುಮಾರು 42 ಅಂಶಗಳಿಗಿಂತ ಹೆಚ್ಚು ಓರೆಯಾಗಿ ಮೇಲಕ್ಕೆ ಹೋದ ಕಿರಣ ಒಳಕ್ಕೇ ಮರಳುತ್ತದೆ; ಅದಕ್ಕಿಂತ ನೇರವಾಗಿ ಹೋದದ್ದು ಆಕಾಶಕ್ಕೆ ಪಾರಾಗುತ್ತದೆ. ರೇಖಾಗಣಿತ ಬಲ್ಲ ವಿದ್ಯಾರ್ಥಿಯು ತಾನೇ ಲೆಕ್ಕ ಹಾಕಿ ನೋಡಬಹುದು: ಹೀಗೆ ಪಾರಾಗುವ ಪಾಲು ಎಂಟರಲ್ಲಿ ಒಂದರಷ್ಟು. ಇದರ ಜೊತೆಗೆ ಸೂಸಿದ ಬೆಳಕನ್ನು ನೆರೆಯ ಬಣ್ಣದ ಕಣವೇ ಮತ್ತೆ ಹೀರುವುದುಂಟು, ಅಂಚುಗಳಿಂದ ಸೋರುವುದುಂಟು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಬಣ್ಣವು ಹತ್ತರಲ್ಲಿ ಒಂಬತ್ತು ಪಾಲು ಹೀರಿತು. ಹೀರಿದುದರಲ್ಲಿ ಹತ್ತಕ್ಕೆ ಒಂಬತ್ತನ್ನು ಸೂಸಿತು. ಸೂಸಿದುದರಲ್ಲಿ ಎಂಟಕ್ಕೆ ಏಳು ಪಾಲು ಕೋಶವನ್ನು ತಲುಪಿತು. ತಲುಪಿದ ಹಸುರು ಬೆಳಕಿನಲ್ಲಿ ಹತ್ತಕ್ಕೆ ಎಂಟನ್ನು ಕೋಶ ವಿದ್ಯುತ್ತಾಗಿಸಿತು. ಇವೆಲ್ಲ ಉದಾರವಾದ ಊಹೆಗಳೇ. ಗುಣಿಸಿದರೆ ಸುಮಾರು 0.57. ಮೊದಲು ಹೇಳಿದ 7 ಮಿಲಿಆಂಪಿಯರುಗಳೂ ನಷ್ಟವಾಗುತ್ತಿದ್ದ ಕೋಶಕ್ಕೆ ನಾಲ್ಕು ಮರಳಿ ದೊರೆತುವು. ಇದು ಗಣ್ಯವಾದ ಲಾಭ. ಆದರೆ ಕೋಶವು ಮೊದಲೇ ನೀಲಿಯ ಬೆಳಕಿನಲ್ಲಿ ಹತ್ತಕ್ಕೆ ಆರು ಪಾಲನ್ನು ಬಳಸಿಕೊಳ್ಳುತ್ತಿದ್ದರೆ? ಲೇಪವು ಹೀರಿಕೊಂಡ ಪ್ರತಿ ಫೋಟಾನಿನ ಸದ್ವಿನಿಯೋಗದ ಸಂಭವ ಆಗ ಸುಮಾರು 0.63, ಲೇಪವಿಲ್ಲದಿದ್ದರೆ 0.60. ಲಾಭವೆಂಬುದು ಉಳಿಯುವುದೇ ಇಲ್ಲ. ಕೋಶ ಇನ್ನೂ ಸ್ವಲ್ಪ ಉತ್ತಮವಾಗಿದ್ದರೆ ಲೇಪವು ನಷ್ಟವನ್ನೇ ತರುತ್ತದೆ. ಲೇಪದಿಂದ ದೊರೆಯುವ ಲಾಭವು ಲೇಪದ ಗುಣವನ್ನಷ್ಟೇ ಅವಲಂಬಿಸಿಲ್ಲ. ಕೋಶದ ದೋಷವನ್ನು ಅದಕ್ಕಿಂತ ಹೆಚ್ಚಾಗಿ ಅವಲಂಬಿಸಿದೆ. ಆದಕಾರಣ ಮೂಲಕೋಶದ ಸ್ಥಿತಿಯನ್ನು ಹೇಳದೆ ಲೇಪದಿಂದ ದಕ್ಷತೆ ಶೇಕಡ ಇಂತಿಷ್ಟು ಏರಿತೆಂದು ಸಾರುವುದು, ರೋಗಿಯ ಮೊದಲ ಜ್ವರವನ್ನು ಹೇಳದೆ ಔಷಧಿಯನ್ನು ಹೊಗಳಿದಂತೆ.

ಈ ‘ಶೇಕಡ’ ಎಂಬ ಮಾತೂ ನಿರಪರಾಧಿಯಲ್ಲ. ದಕ್ಷತೆ ಶೇಕಡ 10 ಇದ್ದದ್ದು 11ಕ್ಕೆ ಏರಿದರೆ ಅದನ್ನು ಒಂದು ಅಂಶದ ಏರಿಕೆಯೆಂದೂ ಹೇಳಬಹುದು, ಶೇಕಡ 10ರ ಏರಿಕೆಯೆಂದೂ ಹೇಳಬಹುದು. ಎರಡೂ ನಿಜವೇ. ಆದರೆ ಸಾರಾಂಶದಲ್ಲಿ ಯಾವುದು ಬರುತ್ತದೆ, ಕೋಷ್ಟಕದಲ್ಲಿ ಯಾವುದು ಬರುತ್ತದೆ ಎಂಬುದನ್ನು ಗಮನಿಸುವ ಓದುಗನಿಗೆ ಲೇಖಕನ ಮನೋಧರ್ಮ ತಿಳಿದುಹೋಗುತ್ತದೆ. ಗಣಕಯಂತ್ರದಲ್ಲಿ ಕಂಡ ಏರಿಕೆ ಮತ್ತು ಬಿಸಿಲಿನಲ್ಲಿ ಕಂಡ ಏರಿಕೆಗಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸುವುದೂ ಇಂಥದೇ ಇನ್ನೊಂದು ದೋಷ. 2007ರಲ್ಲಿ ರಿಚರ್ಡ್ಸ್ ಮತ್ತು ಮ್ಯಾಕಿಂಟಾಷ್ ಪ್ರಕಟಿಸಿದ, ಕ್ಯಾಡ್ಮಿಯಮ್ ಟೆಲ್ಯುರೈಡ್ ಫಲಕಗಳ ನೀಲಿಬೆಳಕಿನ ದೌರ್ಬಲ್ಯವನ್ನು ಲೇಪದಿಂದ ನಿವಾರಿಸುವ ಕುರಿತ ಪ್ರಬಂಧವು ಈ ವಾಙ್ಮಯದಲ್ಲಿ ಅತ್ಯಂತ ಅಚ್ಚುಕಟ್ಟಾದವುಗಳಲ್ಲಿ ಒಂದು. ಅದು ಕಿರಣಗಳ ಹಾದಿಯನ್ನು ಗಣಕಯಂತ್ರದಲ್ಲಿ ಅನುಸರಿಸಿ ಮಾಡಿದ ಅಧ್ಯಯನ; ಲೇಖಕರು ತಲೆಬರೆಹದಲ್ಲಿಯೇ ಅದನ್ನು ಪ್ರಾಮಾಣಿಕವಾಗಿ ಹೇಳಿದ್ದಾರೆ. ದೋಷವಿದ್ದರೆ ಅದು ಅವರನ್ನು ಉದಾಹರಿಸುವಾಗ ಆ ವಿಶೇಷಣವನ್ನು ಕಳಚಿಹಾಕುವವರದು. ಇದೇ ಗುಂಪಿನವರು 2009ರಲ್ಲಿ ಬರೆದ ಸಮೀಕ್ಷೆಯೂ ಆದರಣೀಯ. ಸಾವಯವ ಬಣ್ಣಗಳು, ಅರೆವಾಹಕದ ಸೂಕ್ಷ್ಮಕಣಗಳು, ವಿರಳಧಾತುಗಳ ಸಂಯುಕ್ತಗಳು ಇವುಗಳ ಗುಣದೋಷಗಳನ್ನು ಅದರಲ್ಲಿ ಒಂದೆಡೆ ಕಾಣಬಹುದು. ಈ ವಿಷಯಕ್ಕೆ ಹೊಸದಾಗಿ ಬರುವ ವಿದ್ಯಾರ್ಥಿಗೆ ನಾವು ಮೊದಲು ಕೈಯಲ್ಲಿಡುವ ಬರೆಹ ಅದೇ.

ಎಲ್ಲಕ್ಕಿಂತ ಮುಖ್ಯವಾದ ಆಕ್ಷೇಪ ಹೋಲಿಕೆಗೆ ಸಂಬಂಧಿಸಿದ್ದು. ಬರಿಯ ಕೋಶದ ಮೇಲೆ ಯಾವ ಪಾರದರ್ಶಕ ಲೇಪವನ್ನು ಹಚ್ಚಿದರೂ, ಅದರಲ್ಲಿ ಬಣ್ಣದ ಒಂದು ಕಣವೂ ಇಲ್ಲದಿದ್ದರೂ, ಪ್ರತಿಫಲನ ಕಡಮೆಯಾಗಿ ಒಳಗೆ ಹೋಗುವ ಬೆಳಕು ಹೆಚ್ಚುವ ಸಂಭವವುಂಟು. ಗಾಳಿಗೂ ಅರೆವಾಹಕಕ್ಕೂ ನಡುವೆ ಮಧ್ಯಮ ವಕ್ರೀಭವನಾಂಕದ ಪದರವೊಂದು ಮೆಟ್ಟಿಲಿನಂತೆ ಕೆಲಸ ಮಾಡುತ್ತದೆ. ಬಣ್ಣವಿಲ್ಲದ ಲೇಪವನ್ನು ಹಚ್ಚಿದ ಕೋಶವನ್ನು ಅಳೆಯದೆ, ಬರಿಯ ಕೋಶಕ್ಕೂ ಬಣ್ಣದ ಲೇಪದ ಕೋಶಕ್ಕೂ ಇರುವ ವ್ಯತ್ಯಾಸವೆಲ್ಲ ಪ್ರತಿದೀಪ್ತಿಯ ಮಹಿಮೆಯೆಂದು ಹೇಳುವವರ ಮಾತನ್ನು ನಾವು ಹೇಗೆ ಒಪ್ಪೋಣ? ಒಟ್ಟು ಪ್ರವಾಹದ ಏರಿಕೆಯನ್ನಷ್ಟೇ ಕೊಡುವ ಪ್ರಬಂಧಕ್ಕಿಂತ, ಪ್ರತಿಯೊಂದು ತರಂಗಾಂತರದಲ್ಲಿಯೂ ಎಷ್ಟು ಏರಿತೆಂದು ಕೊಡುವ ಪ್ರಬಂಧ ಮೇಲು. ಏರಿಕೆ ನೀಲಿಯಲ್ಲಿ ಮಾತ್ರ ಇದ್ದರೆ ಅದು ಬಣ್ಣದ ಕೆಲಸ. ಕೆಂಪಿನಲ್ಲಿಯೂ ಅಷ್ಟೇ ಇದ್ದರೆ ಪ್ರತಿಫಲನದ ಕೆಲಸ. ಇಂಥ ಒಂದು ಚಿತ್ರ ಪುಟಗಟ್ಟಲೆ ಮಾತಿಗಿಂತ ಬೆಲೆಯುಳ್ಳದ್ದು.

ಒಂದು ಬೆಳಕನ್ನು ಇನ್ನೊಂದೆಂದು ಎಣಿಸುವ ಅಪಾಯ ನಮ್ಮ ದೇಶದ ವಿಜ್ಞಾನಕ್ಕೆ ಹೊಸತಲ್ಲ. 1923ರಲ್ಲಿ ಕಲ್ಕತ್ತೆಯಲ್ಲಿ ರಾಮನ್ನರ ಜೊತೆಗೆ ಕೆಲಸ ಮಾಡುತ್ತಿದ್ದ ಕೆ. ಆರ್. ರಾಮನಾಥನ್ನರು, ದ್ರವದಲ್ಲಿ ಚೆದರಿದ ಬೆಳಕಿನೊಡನೆ ಬೇರೊಂದು ಬಣ್ಣದ ಕ್ಷೀಣವಾದ ಬೆಳಕು ಬೆರೆತಿರುವುದನ್ನು ಕಂಡರು. ದ್ರವದಲ್ಲಿನ ಕಶ್ಮಲದ ಪ್ರತಿದೀಪ್ತಿಯಿರಬೇಕೆಂಬುದು ಮೊದಲ ಊಹೆ. ದ್ರವವನ್ನು ಮತ್ತೆ ಮತ್ತೆ ಶುದ್ಧಿಗೊಳಿಸಿದರೂ ಆ ಬೆಳಕು ಉಳಿಯಿತು. 1928ರಲ್ಲಿ ಅದರ ನಿಜಸ್ವರೂಪ ಹೊರಬಿದ್ದುದು ಲೋಕಪ್ರಸಿದ್ಧ. ಪ್ರತಿದೀಪ್ತಿಯೆಂದು ಸುಲಭವಾಗಿ ಒಪ್ಪಿಕೊಂಡು ಅಲ್ಲಿಗೇ ಬಿಟ್ಟಿದ್ದರೆ ಏನಾಗುತ್ತಿತ್ತೆಂಬುದನ್ನು ವಾಚಕರು ಊಹಿಸಬಹುದು. ಇಲ್ಲಿ ನಡೆಯುತ್ತಿರುವುದು ಅದಕ್ಕೆ ತಿರುಗುಮುರುಗಾದದ್ದು. ಪ್ರತಿದೀಪ್ತಿ ಅಲ್ಲದುದೂ ಅದರ ಖಾತೆಗೆ ಜಮೆಯಾಗುತ್ತಿದೆ.

ಇಷ್ಟು ಹೇಳಿದ ಮೇಲೆ, ಲೇಪದ ಇತಿಹಾಸವನ್ನು ಲೇಪದಿಂದಲೇ ಅರಿಯುವುದಕ್ಕಾಗುವುದಿಲ್ಲವೆಂಬ ಸಂಗತಿಗೆ ಬರಬೇಕಾಗಿದೆ. ಅದರ ಎದುರಾಳಿಯ ಇತಿಹಾಸವನ್ನೂ ನೋಡಬೇಕು. ಕಿಟಕಿ ಬೆಳಕನ್ನು ನುಂಗುತ್ತದೆಂದಾದರೆ ಬೆಳಕಿನ ಬಣ್ಣವನ್ನು ಬದಲಿಸುವುದು ಒಂದು ಹಾದಿ. ಕಿಟಕಿಯನ್ನೇ ಬದಲಿಸುವುದು ಇನ್ನೊಂದು. ಜರ್ಮನಿಯ ಬೊನೆಟ್ ಮತ್ತು ರಾಬೆನ್‌ಹಾರ್ಸ್ಟ್ 1972ರಲ್ಲಿ ಶೇಕಡ 6ರಷ್ಟು ದಕ್ಷತೆಯ ಕ್ಯಾಡ್ಮಿಯಮ್ ಟೆಲ್ಯುರೈಡ್ ಕೋಶವನ್ನು ವರದಿ ಮಾಡಿದ ಲಾಗಾಯ್ತು ಎರಡನೆಯ ಹಾದಿಯಲ್ಲಿ ನಡೆದವರೇ ಹೆಚ್ಚು ದೂರ ಹೋದರು. 1993ರಲ್ಲಿ ಅಮೆರಿಕದ ಬ್ರಿಟ್ ಮತ್ತು ಫೆರೆಕೀಡಿಸ್ 15.8ನ್ನು ಮುಟ್ಟಿದರು. 2001ರಲ್ಲಿ ಅಲ್ಲಿನ ರಾಷ್ಟ್ರೀಯ ಪ್ರಯೋಗಾಲಯದಲ್ಲಿ, ಪಾರದರ್ಶಕ ವಾಹಕವನ್ನೂ ಅದರ ಮೇಲಣ ಪೊರೆಯನ್ನೂ ಮಾರ್ಪಡಿಸಿ, ಸಲ್ಫೈಡನ್ನು ಇನ್ನೂ ತೆಳುವಾಗಿಸಿ 16.5ನ್ನು ಸಾಧಿಸಿದರು. ಮುಂದಿನ ದಶಕದಲ್ಲಿ ಸಲ್ಫೈಡನ್ನು ತೆಗೆದುಹಾಕಿ ಮೆಗ್ನೀಸಿಯಮ್ ಮತ್ತು ಸತುವಿನ ಆಕ್ಸೈಡಿನ ಪಾರದರ್ಶಕ ಪೊರೆಯನ್ನು ಹಾಕುವುದೂ, ಟೆಲ್ಯುರೈಡಿನಲ್ಲಿ ಸೆಲೀನಿಯಮನ್ನು ಬೆರೆಸುವುದೂ ಬಳಕೆಗೆ ಬಂದುವು. 2016ರ ವೇಳೆಗೆ ಫಸ್ಟ್ ಸೋಲಾರ್ ಸಂಸ್ಥೆಯ ಕೋಶ ಶೇಕಡ 22.1ಕ್ಕೆ ತಲುಪಿತ್ತು. ಈ ಮೆಟ್ಟಿಲುಗಳಲ್ಲಿ ಯಾವುದೂ ಬಣ್ಣದ ಲೇಪದಿಂದ ಏರಿದುದಲ್ಲ. ಲೇಪದ ಪ್ರಬಂಧಗಳ ಪೀಠಿಕೆಗಳು ಈ ಸಮಾಂತರ ಕಥೆಯ ವಿಷಯದಲ್ಲಿ ಮೌನವಾಗಿರುವುದು ನಮಗೆ ಕೇವಲ ಮರೆವೆಂದು ತೋರುವುದಿಲ್ಲ. ಎದುರಾಳಿಯ ಗೆಲವನ್ನು ಹೇಳಿದರೆ ತಾವು ಚಿಕಿತ್ಸೆ ಮಾಡಹೊರಟ ರೋಗವೇ ಬಹುಮಟ್ಟಿಗೆ ವಾಸಿಯಾಗಿದೆಯೆಂದು ಹೇಳಬೇಕಾಗುತ್ತದೆಯಷ್ಟೆ! ಪ್ರಯೋಗಾಲಯದಲ್ಲಿ ದಪ್ಪನೆಯ ಸಲ್ಫೈಡಿನ ಕೋಶವನ್ನು ಮಾಡಿಕೊಂಡು, ಅದರ ಮೇಲೆ ಲೇಪ ಹಚ್ಚಿ, ದೊಡ್ಡ ಏರಿಕೆಯನ್ನು ಇಂದು ತೋರಿಸುವುದೆಂದರೆ ವಾಸಿಯಾದ ರೋಗವನ್ನು ಮರಳಿ ಬರಿಸಿಕೊಂಡು ಚಿಕಿತ್ಸೆ ಮಾಡಿದಂತೆ.

ಲೇಪದ ಪಕ್ಷದವರು ಇದಕ್ಕೆ ಒಂದು ಉತ್ತರ ಕೊಡಬಹುದು, ಅದು ತಿರಸ್ಕಾರಾರ್ಹವಲ್ಲ. ಒಳರಚನೆಯನ್ನು ಬದಲಿಸುವುದಕ್ಕೆ ಕಾರ್ಖಾನೆಯನ್ನೇ ಬದಲಿಸಬೇಕು, ಲೇಪವಾದರೋ ಅಗ್ಗದ್ದು ಎಂದು ಅವರು ಹೇಳುತ್ತಾರೆ. ಅಗ್ಗವೆಂಬುದನ್ನು ಒಪ್ಪೋಣ. ಆದರೆ ಬಾಳಿಕೆ? ಮಾರಾಟಕ್ಕೆ ಬರುವ ಫಲಕಗಳಿಂದ ಜನರು ಇಪ್ಪತ್ತು ಇಪ್ಪತ್ತೈದು ವರ್ಷಗಳ ಸೇವೆಯನ್ನು ನಿರೀಕ್ಷಿಸುತ್ತಾರೆ. ಸಾವಯವ ಬಣ್ಣಗಳಿಗೆ ಬಿಸಿಲೇ ಶತ್ರು. ಅದರಲ್ಲಿಯೂ ಯಾವ ಅತಿನೇರಳೆಯನ್ನು ಹೀರುವುದು ಅವುಗಳ ಕರ್ತವ್ಯವೋ ಅದೇ ಅವುಗಳನ್ನು ಸವೆಸುತ್ತದೆ. ಫಲಕದ ಗಾಜಿಗೂ ಕೋಶಕ್ಕೂ ನಡುವೆ ಹಾಕುವ ಪ್ಲಾಸ್ಟಿಕ್ಕಿನಲ್ಲಿ ಅತಿನೇರಳೆಯನ್ನು ತಡೆಯುವ ರಾಸಾಯನಿಕಗಳನ್ನು ಬೆರೆಸುತ್ತಿದ್ದುದು ಆ ಪ್ಲಾಸ್ಟಿಕ್ಕು ಕೆಡದಿರಲೆಂದು. ಅವು ಇದ್ದರೆ ಲೇಪದ ಬಣ್ಣಕ್ಕೆ ಆಹಾರವಿಲ್ಲ. ಅವನ್ನು ತೆಗೆದರೆ ಪ್ಲಾಸ್ಟಿಕ್ಕಿಗೆ ರಕ್ಷಣೆಯಿಲ್ಲ. ಈ ಎಚ್ಚರ ಬರಿಯ ಊಹೆಯಿಂದ ಹುಟ್ಟಿದುದಲ್ಲ. ಕ್ಯಾಲಿಫೋರ್ನಿಯದ ಕ್ಯಾರಿಸಾ ಬಯಲಿನಲ್ಲಿ 1980ರ ದಶಕದ ಮೊದಲ ಭಾಗದಲ್ಲಿ ಕಟ್ಟಿದ ದೊಡ್ಡ ಸೂರ್ಯವಿದ್ಯುತ್ ಸ್ಥಾವರದಲ್ಲಿ, ಕನ್ನಡಿಗಳಿಂದ ಬಿಸಿಲನ್ನು ಹೆಚ್ಚಿಸಿಕೊಂಡಿದ್ದ ಫಲಕಗಳ ಈ ಪ್ಲಾಸ್ಟಿಕ್ಕು ಕೆಲವೇ ವರ್ಷಗಳಲ್ಲಿ ಕಂದುಬಣ್ಣಕ್ಕೆ ತಿರುಗಿತು. ಆ ಕೋಶಗಳು ಸಿಲಿಕಾನಿನವು, ತೆಳುಪೊರೆಯವಲ್ಲ. ಆದರೂ ಮೇಲುಹೊದಿಕೆಯ ಗತಿ ಯಾವ ಕೋಶಕ್ಕಾದರೂ ಒಂದೇ. ಹೀಗಿರುವಲ್ಲಿ ಕೆಲವು ವಾರಗಳ ದೀಪದ ಬೆಳಕಿನ ಪರೀಕ್ಷೆಯನ್ನು ಮುಗಿಸಿ ‘ದೀರ್ಘಕಾಲ ಸ್ಥಿರ’ ಎಂದು ಬರೆಯುವವರ ಕಾಲಗಣನೆ ಇತಿಹಾಸದ ವಿದ್ಯಾರ್ಥಿಗೆ ವಿಚಿತ್ರವಾಗಿ ಕಾಣುತ್ತದೆ. ದೀಪದ ಬೆಳಕಿನಲ್ಲಿ ಅತಿನೇರಳೆಯ ಪಾಲು ಬಿಸಿಲಿನಲ್ಲಿರುವಷ್ಟೇ ಇತ್ತೇ ಎಂಬುದನ್ನೂ ಕೇಳಬೇಕಾಗುತ್ತದೆ.

ಹಾಗಾದರೆ ಈ ಉಪಾಯಕ್ಕೆ ಇನ್ನು ಎಡೆಯಿಲ್ಲವೇ? ಇದೆಯೆಂದೇ ನಮ್ಮ ಅಭಿಪ್ರಾಯ. ಆದರೆ ಹಳೆಯ ಎಡೆಯಲ್ಲಿ ಅಲ್ಲ. ಪೆರೊವ್‌ಸ್ಕೈಟ್ ಎಂಬ ಹೊಸ ಬಗೆಯ ತೆಳುಪೊರೆಯ ಕೋಶಗಳು ಈಚಿನ ವರ್ಷಗಳಲ್ಲಿ ದಕ್ಷತೆಯಲ್ಲಿ ವೇಗವಾಗಿ ಮೇಲೇರಿವೆ. ಅವುಗಳ ಕೊರತೆ ದಕ್ಷತೆಯದಲ್ಲ, ಆಯುಸ್ಸಿನದು. ತೇವವೂ ಅತಿನೇರಳೆಯೂ ಅವುಗಳನ್ನು ಕೆಡಿಸುತ್ತವೆ. 2016ರಲ್ಲಿ ಬೆಲ್ಲ, ಗ್ರಿಫಿನಿ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇಂಥ ಕೋಶದ ಮುಂಭಾಗಕ್ಕೆ ಪ್ರತಿದೀಪ್ತಿಯುಳ್ಳ ಫ್ಲೋರೀನ್‌ಯುಕ್ತ ಪಾಲಿಮರನ್ನು ಹಚ್ಚಿ, ಹಿಂಭಾಗಕ್ಕೆ ತೇವವನ್ನು ತಡೆಯುವ ಲೇಪವನ್ನು ಕೊಟ್ಟು, ಆರು ತಿಂಗಳ ಕಾಲ ಪರೀಕ್ಷಿಸಿದರು. ದಕ್ಷತೆ ಶೇಕಡ 19ರ ಸಮೀಪಕ್ಕೆ ಮುಟ್ಟಿತೆಂಬುದು ಅದರ ಪ್ರಶಸ್ತಿಯ ಭಾಗ. ಕೋಶಗಳು ಕೆಡದೆ ಉಳಿದುವೆಂಬುದೇ ನಮಗೆ ದಾನದ ಭಾಗವಾಗಿ ಕಾಣುತ್ತದೆ. ಇಲ್ಲಿ ಅತಿನೇರಳೆಯನ್ನು ಹೇಗಾದರೂ ತಡೆಯಲೇಬೇಕಾಗಿದೆ. ತಡೆದುದನ್ನು ಬಿಸುಡುವ ಬದಲು ಬಣ್ಣ ಬದಲಿಸಿ ಒಂದಿಷ್ಟನ್ನು ಮರಳಿ ಕೊಟ್ಟರೆ ಅದು ನಿವ್ವಳ ಲಾಭ. ಮೊದಲು ನಾವು ಹಾಕಿದ ಲೆಕ್ಕದಲ್ಲಿ ಲೇಪವು ಕೋಶದೊಡನೆ ಸ್ಪರ್ಧಿಸಬೇಕಾಗಿತ್ತು. ಇಲ್ಲಿ ಅದು ಬರಿಯ ಶೋಧಕದೊಡನೆ ಸ್ಪರ್ಧಿಸಿದರೆ ಸಾಕು. ಆ ಸ್ಪರ್ಧೆ ಬಹಳ ಸುಲಭವಾದುದು.

ಆದರೆ ಹೋಲಿಕೆಯ ಪ್ರಶ್ನೆ ಇಲ್ಲಿಯೂ ಬಿಡುವುದಿಲ್ಲ. ಅತಿನೇರಳೆಯನ್ನು ಸುಮ್ಮನೆ ತಡೆಯುವ, ಬೆಳಗದ ಲೇಪವೊಂದನ್ನು ಹಚ್ಚಿದ ಕೋಶವನ್ನು ಪಕ್ಕದಲ್ಲಿಟ್ಟು ಅಳೆದಾಗ ಮಾತ್ರ ಆಯುಸ್ಸಿನ ಎಷ್ಟು ಪಾಲು ತಡೆಯಿಂದ ಬಂದಿತು, ಪ್ರವಾಹದ ಎಷ್ಟು ಪಾಲು ದೀಪ್ತಿಯಿಂದ ಬಂದಿತು ಎಂಬುದನ್ನು ಬೇರ್ಪಡಿಸಬಹುದು. ತೆಳುಪೊರೆಯ ವಿದ್ಯೆ ನಮ್ಮ ದೇಶಕ್ಕೆ ದೂರದ್ದಾಗಿ ಉಳಿದಿಲ್ಲ. ದೆಹಲಿಯ ಐ.ಐ.ಟಿ.ಯಲ್ಲಿ ಕೆ. ಎಲ್. ಚೋಪ್ರಾ ಅವರು ಎಸ್. ಆರ್. ದಾಸರೊಡನೆ ಈ ಕೋಶಗಳ ವಿಷಯವಾಗಿ ಬರೆದ ಗ್ರಂಥ 1983ರಷ್ಟು ಹಿಂದೆಯೇ ಪ್ರಕಟವಾಗಿದೆ. 2024ರ ಜನವರಿಯಲ್ಲಿ ತಮಿಳುನಾಡಿನಲ್ಲಿ ಕ್ಯಾಡ್ಮಿಯಮ್ ಟೆಲ್ಯುರೈಡ್ ಫಲಕಗಳ ದೊಡ್ಡ ಕಾರ್ಖಾನೆಯೊಂದು ಉದ್ಘಾಟನೆಗೊಂಡಿದೆ. ಲೇಪವನ್ನು ಸಂಶೋಧನೆಯ ವಿಷಯವಾಗಿ ಆರಿಸಿಕೊಳ್ಳುವ ವಿದ್ಯಾರ್ಥಿಗೆ ಬೇಕಾದ ಗಾಜು, ಪಾಲಿಮರು, ಬಣ್ಣ ಇವು ದುರ್ಲಭವಾದ ವಸ್ತುಗಳಲ್ಲ. ಅವನು ಮೂರು ಕೋಶಗಳನ್ನು ಸಿದ್ಧಪಡಿಸಲಿ: ಬರಿಯದೊಂದು, ಬಣ್ಣವಿಲ್ಲದ ಲೇಪದ್ದೊಂದು, ಬಣ್ಣದ ಲೇಪದ್ದೊಂದು. ಮೂರನ್ನೂ ಮಳೆಗಾಲ ಬೇಸಗೆಗಳು ಒಂದು ಸುತ್ತು ತಿರುಗುವವರೆಗೆ ಕಾಲೇಜಿನ ಮಾಳಿಗೆಯ ಮೇಲೆ ಇಟ್ಟು, ತಿಂಗಳಿಗೊಮ್ಮೆ ಒಂದೊಂದು ತರಂಗಾಂತರದಲ್ಲಿಯೂ ಅಳೆದು, ಏರಿಕೆಯಾದರೆ ಏರಿಕೆಯನ್ನೂ ಇಳಿಕೆಯಾದರೆ ಇಳಿಕೆಯನ್ನೂ ಕೋಷ್ಟಕದಲ್ಲಿ ಬರೆಯಲಿ. ಅಂಥ ಕೋಷ್ಟಕವಿರುವ ಪ್ರಬಂಧವನ್ನು, ಅದರ ಸಾರಾಂಶ ಎಷ್ಟೇ ಚಿಕ್ಕದಾಗಿದ್ದರೂ, ಭೌತವಿಜ್ಞಾನದ ಪರೀಕ್ಷಕರು ಒಪ್ಪುವುದರಲ್ಲಿ ನಮಗೆ ಸಂದೇಹವಿಲ್ಲ.